ತೂಕ ತಪ್ಪಿದ ಪೆಟ್ಟಿಗೆ

"ಮೊದ್ಲು ಕಾರ್ಡ್ ಈಚೆ ತೆಗೀರಿ ಅಕ್ಕಾ. ಕಾರ್ಡ್ ನೋಡ್ದೆ ಪವರ್ ಸಪ್ಲೈ ಹೇಳೋದು ಅಂದ್ರೆ ಕಾಲು ನೋಡ್ದೆ ಚಪ್ಪಲಿ ಕೊಟ್ಟ ಹಾಗೆ."

ಸೆಡಿನಮ್ ಡೊಟ್ಸೆ ಚೀಲದೊಳಗೆ ಕೈಹಾಕಿದಳು. ಚೀಲದಲ್ಲಿ ಎರಡು ವಸ್ತುಗಳಿದ್ದವು. ಒಂದನ್ನು ಮಾತ್ರ ತೆಗೆದು ಗಾಜಿನ ಕೌಂಟರಿನ ಮೇಲಿಟ್ಟಳು. ಇಟ್ಟಿಗೆಗಿಂತ ಉದ್ದನೆಯ, ಮೂರು ಫ್ಯಾನುಗಳ ಗ್ರಾಫಿಕ್ಸ್ ಕಾರ್ಡು. ಇನ್ನೊಂದು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಚೀಲದ ತಳದಲ್ಲೇ ಉಳಿಯಿತು. ಅದರ ಕಮಟು ವಾಸನೆ ಹೊರಗೆ ಬಾರದಂತೆ ಅವಳು ಚೀಲದ ಬಾಯಿಯನ್ನು ಬಿಗಿಯಾಗಿ ಮಡಿಚಿದಳು.

ತಮ್ಮನ ಕಂಪ್ಯೂಟರಿಗೆ ಕರೆಂಟು ಹಂಚುವ ಪೆಟ್ಟಿಗೆ, ಅಂದರೆ ಪವರ್ ಸಪ್ಲೈ, ಬೇಕು ಎಂದು ಹೇಳಿಕೊಂಡು ಬಂದಿದ್ದ ಅವಳು ಇವತ್ತು ಸಮವಸ್ತ್ರದಲ್ಲಿರಲಿಲ್ಲ. ಹಳದಿ ಹೂಗಳ ಉದ್ದನೆಯ ಅಂಗಿ, ತಲೆಗೆ ಅದೇ ಬಟ್ಟೆಯ ಸುತ್ತು. ತಮ್ಮನಿಗೆ ಏನೋ ಕೊಳ್ಳಲು ಬಂದ ಶಾಲೆಯ ಮೇಡಮ್ಮನಂತಿದ್ದಳೇ ಹೊರತು, ಅಕ್ರಾ ಪೊಲೀಸಿನ ಇನ್‌ಸ್ಪೆಕ್ಟರ್ ಎಂದು ಯಾರೂ ಹೇಳುವಂತಿರಲಿಲ್ಲ.

ಡ್ಯಾನ್ಸೊಮನ್ ಬಡಾವಣೆಯ ಸ್ಟುಡಿಯೊದಲ್ಲಿ ಅನಿಮೇಷನ್ ಚಿತ್ರ ಮಾಡುತ್ತಿದ್ದ ಎಬೊ ಕ್ವಾನ್ಸಾ ತನ್ನ ಕಂಪ್ಯೂಟರಿನ ಜೊತೆಗೇ ಸುಟ್ಟುಹೋಗಿ ಒಂದು ವಾರವಾಗಿತ್ತು. ಪವರ್ ಸಪ್ಲೈ ಸಿಡಿದು ಆದ ಅಪಘಾತ ಎಂದು ಬರೆದು ಕಡತ ಮುಚ್ಚಲು ಮೇಲಿನವರು ಅವಸರಪಡಿಸುತ್ತಿದ್ದರು. ಅವನಿಗೆ ಆ ಪವರ್ ಸಪ್ಲೈ ಮಾರಿದವನು ಈಗ ಅವಳೆದುರು ನಿಂತು, ಕಾರ್ಡನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಿದ್ದ. ಹೆಸರು ಜೋಜೊ ಎಸಿಲ್‌ಫಿ. ಎಬೊನ ಊರಿನವನೇ, ಸಾಲ್ಟ್‌ಪಾಂಡ್‌ನವನು. ಒಂದು ಕಾಲಕ್ಕೆ ಅವನ ಪಾಲುದಾರ.

"ಒಳ್ಳೇ ಕಾರ್ಡು," ಅಂದ ಜೋಜೊ. "ಏನು ಕೆಲ್ಸ ಮಾಡ್ತಾರೆ ನಿಮ್ಮ ತಮ್ಮ?"

"ಚಿತ್ರ ಮಾಡ್ತಾನೆ. ಗೊಂಬೆ ಚಿತ್ರ."

ಕಾರ್ಡು ಅವನ ಕೈಯಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಮೆಲ್ಲಗೆ ಕೌಂಟರಿಗೆ ಇಳಿಯಿತು.

"ಹಾಗಾದ್ರೆ ಇದಕ್ಕೆ ಬಿಡುವೇ ಇರಲ್ಲ. ಆಟ ಆಡೋ ಹುಡುಗ್ರು ನಡುವೆ ಎದ್ದು ಊಟಕ್ಕೆ ಹೋಗ್ತಾರೆ. ಚಿತ್ರ ಮಾಡೋರು ಮಷೀನಿಗೆ ಕೆಲ್ಸ ಹಚ್ಚಿ ಮಲಗಿಬಿಡ್ತಾರೆ. ಅದು ಬೆಳಗಾಗೋವರ್ಗೂ ಉರೀತಾನೇ ಇರತ್ತೆ."

"ಉರಿಯತ್ತಾ?"

"ಮಾತಿಗೆ ಅಂದೆ ಅಕ್ಕಾ."

ಹೊರಗೆ ಸರ್ಕಲ್ ಮಾರುಕಟ್ಟೆಯ ಗಲ್ಲಿಗಳಲ್ಲಿ ಕರೆಂಟು ಹೋಗಿತ್ತು. ಪ್ರತಿ ಅಂಗಡಿಯ ಮುಂದೂ ಒಂದೊಂದು ಜನರೇಟರು ಗುಡುಗುಡಿಸುತ್ತಿತ್ತು. ಮರುಭೂಮಿಯ ಕಡೆಯಿಂದ ಬೀಸುವ ಒಣಗಾಳಿಯ ದಿನಗಳು; ಮಧ್ಯಾಹ್ನದ ಸೂರ್ಯ ಧೂಳಿನ ಹಿಂದೆ ಹಳೆಯ ನಾಣ್ಯದ ಹಾಗೆ ಮಂಕಾಗಿದ್ದ. ಅಂಗಡಿಯ ಕಪಾಟುಗಳ ಮೇಲೆ, ಡಬ್ಬಿಗಳ ಮೇಲೆ, ತೂಗುಹಾಕಿದ ಕೇಬಲ್ಲುಗಳ ಮೇಲೆ ಕೆಂಪು ಧೂಳು ಪದರವಾಗಿ ಕೂತಿತ್ತು.

"ಎಷ್ಟರದ್ದು ಬೇಕಾಗತ್ತೆ?" ಸೆಡಿನಮ್ ಕೇಳಿದಳು. "ಕಾರ್ಡಿಗೆ ಮುನ್ನೂರು ಚಿಲ್ರೆ ವ್ಯಾಟ್ ಅಂತ ಓದ್ದೆ. ಮಿಕ್ಕಿದ್ದೆಲ್ಲಾ ಸೇರಿದ್ರೂ ಐನೂರು. ಐನೂರೈವತ್ತರದ್ದು ಸಾಕಲ್ವಾ?"

ಜೋಜೊ ನಕ್ಕ. ದಿನಕ್ಕೆ ಹತ್ತು ಸಲ ಅದೇ ಪ್ರಶ್ನೆ ಕೇಳಿಸಿಕೊಂಡವನ ನಗು.

"ಎಲ್ರೂ ಎಡವೋದು ಅಲ್ಲೇ. ಈ ಕಾರ್ಡು ಒಂದೇ ಸಮ ಕುಡಿಯೋ ಪ್ರಾಣಿ ಅಲ್ಲ. ಮಧ್ಯೆ ಮಧ್ಯೆ ಗಟಗಟ ಅಂತ ಎಳೆಯತ್ತೆ. ಕಣ್ಣು ಮಿಟುಕಿಸೋದ್ರಲ್ಲಿ ಎರಡರಷ್ಟು ಎಳ್ಕೊಂಡು ಮತ್ತೆ ಸುಮ್ಮನಾಗತ್ತೆ. ಆ ಎಳೆತಕ್ಕೆ ಸಪ್ಲೈ ಎದೆ ಕೊಟ್ಟು ನಿಲ್ಬೇಕು. ಎಂಟುನೂರೈವತ್ತು ತಗೊಳ್ಳಿ. ಅದೂ ನಂಬಿಕಸ್ಥ ಕಂಪನೀದು."

"ಎಲ್ಲಾ ಡಬ್ಬಿ ಮೇಲೂ ಎಂಟುನೂರೈವತ್ತು ಅಂತಾನೇ ಬರ್ದಿದೆ ಈ ಬೀದೀಲಿ."

"ಬರಿಯೋಕೇನು, ಕೈ ಇದ್ದೋನು ಬರೀತಾನೆ. ಒಳಗೆ ನಾನೂರೂ ಇರಲ್ಲ. ಚೀಟಿ ಓದಿ ಕೊಳ್ಬಾರ್ದು ಅಕ್ಕಾ. ತಂತಿ ದಪ್ಪ ನೋಡ್ಬೇಕು, ಬಿಸಿ ಜಾಸ್ತಿ ಆದ್ರೆ ತಾನೇ ಆರಿಹೋಗೋ ಗುಣ ಇದ್ಯಾ ಕೇಳ್ಬೇಕು, ಆಮೇಲೆ..."

ಅವನು ನಿಲ್ಲಿಸಿದ.

"ಆಮೇಲೆ?"

"ಅಷ್ಟೇ. ಅಷ್ಟು ನೋಡಿದ್ರೆ ಸಾಕು."

ಅವನು ಕಪಾಟಿನಿಂದ ಒಂದು ಪೆಟ್ಟಿಗೆಯನ್ನು ಇಳಿಸಿ, ಒಳಗಿನ ಕಪ್ಪು ಲೋಹದ ಗಟ್ಟಿಯನ್ನು ಅವಳ ಮುಂದಿಟ್ಟ. ಸೆಡಿನಮ್ ಎತ್ತಿ ನೋಡಿದಳು. ಕೈ ಜಗ್ಗುವಷ್ಟು ಭಾರ.

ಎದುರು ಅಂಗಡಿಯವನು ಬೆಳಿಗ್ಗೆ ನಗುತ್ತಾ ಹೇಳಿದ್ದು ಅವಳಿಗೆ ನೆನಪಿತ್ತು. ಜೋಜೊ ಅಂಗಡಿಗೆ ಪವರ್ ಸಪ್ಲೈಗೆ ಹೋದ್ರೆ ಮೇಡಂ, ಅವ್ನು ಮೊದ್ಲು ನಿಮ್ಮ ಒಂದು ಕೈಗೆ ಅಸಲಿ, ಇನ್ನೊಂದು ಕೈಗೆ ನಕಲಿ ಕೊಡ್ತಾನೆ. ಎರಡಕ್ಕೂ ಒಂದೇ ಬಣ್ಣ, ಒಂದೇ ಚೀಟಿ. ಒಂದು ಕಲ್ಲಿನ ಹಾಗೆ, ಇನ್ನೊಂದು ಹುರಿದ ಕಡಲೆಪೊಟ್ಟಣದ ಹಾಗೆ. ತೂಕ ತೋರಿಸ್ದೆ ಅವ್ನು ಯಾರಿಗೂ ಮಾರಲ್ಲ. ನಮ್ಮಂಥೋರ ಹೊಟ್ಟೆ ಮೇಲೆ ಹೊಡೀತಾನೆ.

ಇವತ್ತು ಜೋಜೊ ಒಂದು ಕೈಗೆ ಮಾತ್ರ ಕೊಟ್ಟಿದ್ದ.

"ಮನೇಗೆ ಹೋಗಿ ಜೋಡಿಸುವಾಗ ಒಂದು ಮಾತು ನೆನಪಿಡೋಕೆ ಹೇಳಿ ನಿಮ್ಮ ತಮ್ಮಂಗೆ," ಅವನು ಪೆಟ್ಟಿಗೆಯ ಕೇಬಲ್ಲುಗಳನ್ನು ಬಿಡಿಸುತ್ತಾ ಅಂದ. "ಕಾರ್ಡಿಗೆ ಎರಡು ಬೇರೆ ಬೇರೆ ಕೇಬಲ್ ಎಳೀಬೇಕು. ಒಂದೇ ಕೇಬಲ್ಲಿಗೆ ಎರಡು ತಲೆ ಇರತ್ತೆ, ಸೋಮಾರಿಗಳು ಅದನ್ನೇ ಎರಡೂ ಕಡೆ ಚುಚ್ಚಿಬಿಡ್ತಾರೆ. ಎಲ್ಲಾ ಭಾರ ಒಂದೇ ತಂತಿ ಮೇಲೆ. ತಂತಿ ಕಾಯತ್ತೆ, ಕರಗತ್ತೆ. ನನ್ನ ಸ್ನೇಹಿತ ಒಬ್ಬ ಹಾಗೇ ಹೋದ."

"ಹೌದಾ. ಯಾರು?"

"ಪೇಪರಲ್ಲಿ ಬಂದಿತ್ತಲ್ಲ, ಡ್ಯಾನ್ಸೊಮನ್‌ದು. ಎಬೊ ಅಂತ. ಇಷ್ಟು ದೊಡ್ಡ ಕಾರ್ಡನ್ನ ಒಂದೇ ಕೇಬಲ್ಲಿಗೆ ನೇತುಹಾಕಿದ್ದ."

ಸೆಡಿನಮ್ ತಲೆಯಾಡಿಸಿದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

ಎಬೊನ ಕಂಪ್ಯೂಟರಿನ ಕರಕಲು ಪೆಟ್ಟಿಗೆ ಬೆಂಕಿ ಆರಿದ ಗಳಿಗೆಯಿಂದ ಅರಗು ಮುದ್ರೆಯೊಳಗಿತ್ತು. ಅದನ್ನು ಬಿಚ್ಚಿದ್ದು ಇವತ್ತು ಬೆಳಿಗ್ಗೆ, ಪ್ರಯೋಗಾಲಯದಲ್ಲಿ, ಅವಳ ಕಣ್ಣೆದುರಿಗೆ. ಒಂದೇ ಕೇಬಲ್ಲು ಎರಡು ತಲೆಯಾಗಿ ಕಾರ್ಡಿಗೆ ಅಂಟಿಕೊಂಡು ಕರಗಿದ್ದನ್ನು ಕಂಡವರು ಅವಳು ಮತ್ತು ಪ್ರಯೋಗಾಲಯದ ತಜ್ಞ, ಇಬ್ಬರೇ.

ಅವಳು ಬಾಗಿಲಿಗೆ ಹೋಗಿ ಅಂಗಡಿಯ ರೋಲಿಂಗ್ ಶಟರನ್ನು ಅರ್ಧಕ್ಕೆ ಎಳೆದಳು. ಒಳಗೆ ಕತ್ತಲು ಕವಿಯಿತು. ಜನರೇಟರಿನ ಸದ್ದು ಒಂದಿಷ್ಟು ದೂರವಾಯಿತು.

"ಏನಕ್ಕಾ, ಏನ್ಮಾಡ್ತಿದೀರಾ?"

ಅವಳು ಚೀಲದಿಂದ ಎರಡನೆಯ ವಸ್ತುವನ್ನು ತೆಗೆದು, ಪತ್ರಿಕೆ ಬಿಡಿಸಿ, ಹೊಸ ಪವರ್ ಸಪ್ಲೈಯ ಪಕ್ಕದಲ್ಲಿಟ್ಟಳು. ಅಂಗಡಿಯ ತುಂಬಾ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹರಡಿತು. ಅದರ ಒಂದು ಬದಿ ಬಾಯಿ ತೆರೆದುಕೊಂಡಿತ್ತು. ಇನ್ನೊಂದು ಬದಿಯಲ್ಲಿ ಅರ್ಧ ಉರಿದ ಚೀಟಿ. ಎಂಟುನೂರೈವತ್ತು ಎಂಬ ಅಂಕಿ ಇನ್ನೂ ಓದಲು ಬರುತ್ತಿತ್ತು.

"ನಾನು ಇನ್‌ಸ್ಪೆಕ್ಟರ್ ಡೊಟ್ಸೆ. ಎಬೊನ ಕೇಸು ನನ್ನ ಹತ್ರ ಇದೆ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿ ಜೋಜೊ."

ಅವನು ಹಿಡಿಯಲಿಲ್ಲ. ಕೈಗಳನ್ನು ಕೌಂಟರಿನ ಕೆಳಗೆ ಇಳಿಸಿದ.

"ನೀವೇ ಎಲ್ರಿಗೂ ಹಿಡಿಸ್ತೀರಂತೆ. ಇವತ್ತು ನೀವು ಹಿಡೀರಿ."

"ಮೇಡಂ, ಸಾರ್ಜೆಂಟ್ ಅವುನಿ ಬಂದಿದ್ರು. ಅವ್ರಿಗೆ ಎಲ್ಲಾ ಹೇಳಿದೀನಿ."

"ಹೇಳಿದ್ದು ನನಗೆ ಗೊತ್ತು. ಒಳ್ಳೇದು ಒಂದನ್ನ ಮಾರಿದೆ, ನಾನೇ ಹೋಗಿ ಎರಡು ಬೇರೆ ಕೇಬಲ್ ಎಳೆದು ಜೋಡಿಸಿಕೊಟ್ಟೆ, ಆಮೇಲೆ ಆ ಮಷೀನ್ ಮುಟ್ಟೂ ಇಲ್ಲ, ನೋಡೂ ಇಲ್ಲ. ಹೀಗೆ ತಾನೆ?"

"ಹೌದು."

"ನೋಡೇ ಇಲ್ಲದ ಮಷೀನು ಒಂದೇ ಕೇಬಲ್ಲಿಗೆ ನೇತಾಡ್ತಿತ್ತು ಅಂತ ಹೇಗೆ ಗೊತ್ತಾಯ್ತು?"

"ಊಹೆ. ಸುಟ್ಟಿದೆ ಅಂದ್ಮೇಲೆ ಹಾಗೇ ಇರತ್ತೆ ಅಂತ... ಅವ್ನೇ ಬದಲಾಯಿಸ್ಕೊಂಡಿರ್ಬೇಕು. ಅಗ್ಗಕ್ಕೆ ಸಿಕ್ತು ಅಂತ."

"ಒಳ್ಳೇದನ್ನ ಕಿತ್ತು ಕೆಟ್ಟದ್ದು ಹಾಕ್ಕೊಂಡ್ನಾ? ಯಾರಾದ್ರೂ ಹಾಗೆ ಮಾಡ್ತಾರಾ?"

ಜೋಜೊ ಹೊಸ ಪೆಟ್ಟಿಗೆಯ ಕೇಬಲ್ಲುಗಳನ್ನು ಮತ್ತೆ ಮಡಿಚತೊಡಗಿದ.

ಸೆಡಿನಮ್ ಕೌಂಟರಿನ ಆಚೆಗೆ ಬಾಗಿ, ಅವನ ಹೆಗಲ ಹಿಂದಿನ ಕಪಾಟನ್ನು ಬೆರಳಿಂದ ತೋರಿಸಿದಳು. ಕೈಗೆಟುಕುವ ಎತ್ತರದ ಹಲಗೆ. ಅದರ ಮೇಲೆ ಗೇಣಗಲದ ಎರಡು ಜಾಗ. ಒಂದರಲ್ಲಿ ಕಪ್ಪು ಪವರ್ ಸಪ್ಲೈ ಕೂತಿತ್ತು. ಅದರ ಪಕ್ಕದ್ದು ಖಾಲಿ. ಸುತ್ತ ಧೂಳು ದಪ್ಪಗಿತ್ತು. ಖಾಲಿ ಚೌಕದೊಳಗೆ ಮಾತ್ರ ತೆಳ್ಳಗೆ, ಮೊನ್ನೆ ಮೊನ್ನೆ ಬಿದ್ದಂತೆ.

"ಅಲ್ಲಿದ್ದ ನಕಲಿ ಎಲ್ಲಿ ಜೋಜೊ?"

"ಎಲ್ಲೋ... ಎಸ್ದೆ. ಹಳೇದಾಗಿತ್ತು."

"ತೋರಿಸೋಕೆ ಇಟ್ಕೊಂಡಿದ್ದ ನಕಲಿ ಹಳೇದಾಗತ್ತಾ?"

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಆದರೂ ಬಾಯಿ ಬಿಡಲಿಲ್ಲ. ಇಂಥವರನ್ನು ಸೆಡಿನಮ್ ಕಂಡಿದ್ದಳು. ಹೆದರಿಸಿದಷ್ಟೂ ಆಮೆಯ ಹಾಗೆ ಒಳಗೆಳೆದುಕೊಳ್ಳುವವರು. ಅವನ ತಲೆಯ ಮೇಲೆ ಗೋಡೆಯಲ್ಲಿ ಒಂದು ಫೋಟೊ ತೂಗುತ್ತಿತ್ತು. ಅಂಗಡಿಗೆ ಕಾಲಿಟ್ಟಾಗಲೇ ಅವಳ ಕಣ್ಣು ಅಲ್ಲಿಗೆ ಹೋಗಿತ್ತು. ಒಬ್ಬ ಮುದುಕಿ. ಎಡ ಹುಬ್ಬನ್ನು ಸೀಳಿದ ಹಳೆಯ ಗಾಯದ ಗುರುತು. ನಗುವಾಗ ಕಾಣುವ ಮುಂದಿನ ಹಲ್ಲುಗಳ ಸಂದು.

"ನಿಮ್ಮ ತಾಯೀನಾ?"

ಅವನು ತಲೆಯೆತ್ತಿದ. ಈ ಪ್ರಶ್ನೆಗೆ ಅವನು ಸಿದ್ಧನಾಗಿರಲಿಲ್ಲ.

"ಎಬೊನ ಸ್ಟುಡಿಯೊದ ಹೊರಗೋಡೇಲಿ ಒಂದು ಚಿತ್ರ ಅಂಟಿಸಿದ್ರು," ಅಂದಳು ಸೆಡಿನಮ್. "ಅವನು ಮಾಡ್ತಿದ್ದ ಸಿನಿಮಾದ್ದು. ಅಂಚು ಮಾತ್ರ ಸುಟ್ಟಿತ್ತು. ಅದ್ರಲ್ಲೊಬ್ಳು ಮುದುಕಿ ಇದ್ಲು. ಇದೇ ಹುಬ್ಬು, ಇದೇ ಹಲ್ಲು. ಆದ್ರೆ ಕಣ್ಣು ಕೆಂಪಗಿತ್ತು. ಕೈಯಲ್ಲಿ ಮುಳುಗ್ತಿರೋ ದೋಣಿ."

"ಕಣ್ಣು ಕೆಂಪು ಮಾಡಿದ್ದು ನಾನಲ್ಲ," ಜೋಜೊ ಅಂದ. ದನಿ ಬಿರುಕುಬಿಟ್ಟಿತ್ತು. "ಕಣ್ಣು ನಾನು ಮಾಡಿದ್ದು ಬೇರೆ ಥರ ಇತ್ತು."

ಅವಳು ಸುಮ್ಮನೆ ನಿಂತಳು. ಕೆಲವೊಮ್ಮೆ ಪೊಲೀಸರು ಮಾಡಬೇಕಾದ ಕೆಲಸ ಅದೊಂದೇ.

"ನಮ್ಮೂರಲ್ಲಿ ಒಂದು ವರ್ಷ ದೋಣಿ ಮುಳುಗ್ತು ಮೇಡಂ. ನೆಂಟ್ರಿಷ್ಟ್ರ ಮಕ್ಳೆಲ್ಲಾ ಹೋದ್ರು. ಯಾರೋ ಒಬ್ಳು ಅಂದ್ಲು, ಹಿಂದಿನ ಸಂಜೆ ಎಸಿಲ್‌ಫಿ ಮನೆ ಮುದುಕಿ ದಡದಲ್ಲಿ ನಿಂತು ಬಾಯಲ್ಲೇ ಏನೋ ಗೊಣಗ್ತಿದ್ಲು ಅಂತ. ಅಷ್ಟೇ ಸಾಕಾಯ್ತು. ಮಾಟಗಾತಿ ಅಂದ್ರು. ಕಲ್ಲು ಹೊಡೆದ್ರು, ಆ ಹುಬ್ಬಿನ ಗಾಯ ಅದೇ. ಊರು ಬಿಡಿಸಿದ್ರು. ಸ್ವೆಡ್ರೂನಲ್ಲಿ ಯಾರದೋ ಜಗಲಿ ಮೇಲೆ ಸತ್ಲು ನಮ್ಮವ್ವ. ನಾನು ಹೋಗೋದ್ರೊಳಗೆ ಮಣ್ಣು ಮಾಡಿದ್ರು."

"ಸಿನಿಮಾ?"

"ಅವಳಿಗೇ ಅಂತ ಶುರು ಮಾಡಿದ್ದು. ನಾನೂ ಎಬೊನೂ ಸೇರಿ. ಕಥೇಲಿ ಒಬ್ಳು ಮುದುಕಿ ದಡದಲ್ಲಿ ನಿಂತು ಹಾಡ್ತಾಳೆ, ಆ ಹಾಡು ಕೇಳಿ ಕತ್ಲಲ್ಲಿ ದಾರಿ ತಪ್ಪಿದ ದೋಣಿ ವಾಪಸ್ ಬರತ್ತೆ. ಅವಳ ಮುಖ ನಾನು ಮಾಡ್ದೆ. ಒಂದೊಂದು ಸುಕ್ಕೂ ನೆನಪಿಂದ ತೆಗ್ದೆ. ಎರಡು ವರ್ಷ." ಅವನು ಮೂಗು ಒರೆಸಿಕೊಂಡ. "ಆಮೇಲೆ ದೊಡ್ಡೋರು ಯಾರೋ ಸಿನಿಮಾ ಕೊಳ್ತೀವಿ ಅಂದ್ರಂತೆ. ಒಳ್ಳೇ ಮುದುಕಿ ಯಾರಿಗೂ ಬೇಡ, ಮಾಟಗಾತಿ ಮಾಡಿ ಅಂದ್ರಂತೆ. ಎಬೊ ಹೂಂ ಅಂದ್ಬಿಟ್ಟ. ಅದೇ ಮುಖ ಇಟ್ಕೊಂಡು. ಹಾಡಿ ಕರ್ಕೊಂಡು ಬರೋಳು ಈಗ ಹಾಡಿ ಮುಳುಗಿಸ್ತಾಳೆ."

"ನೀವು ಕೇಳ್ಳಿಲ್ವಾ?"

"ಕಾಲಿಗೆ ಬಿದ್ದೆ. ಮುಖ ಆದ್ರೂ ಬದಲಾಯಿಸೋ ಅಂದೆ. ಬರೀ ಗೊಂಬೆ ಕಣೋ ಜೋಜೊ ಅಂದ. ಹಣೆಬರಹ ನೋಡಿ ಮೇಡಂ, ನಮ್ಮವ್ವನ ಹತ್ರ ಊಟ ಮಾಡ್ಕೊಂಡು ಬೆಳ್ದೋನು ಅವ್ನು."

ಜನರೇಟರೊಂದು ಕೆಮ್ಮಿ ನಿಂತಿತು. ಮತ್ತೊಬ್ಬರದು ಶುರುವಾಯಿತು. ಜೋಜೊ ಸುಟ್ಟ ಪೆಟ್ಟಿಗೆಯ ಕಡೆ ನೋಡದೆ ಮಾತಾಡಿದ.

"ಮಂಗಳವಾರ ಮಷೀನನ್ನ ಸಿನಿಮಾದ ಕೊನೇ ಕೆಲ್ಸಕ್ಕೆ ಕೂರಿಸ್ತಾನೆ ಅಂತ ಗೊತ್ತಿತ್ತು. ರಾತ್ರಿಯೆಲ್ಲಾ ಮಷೀನು ಉಸಿರು ಬಿಗಿಹಿಡಿದು ಓಡ್ಬೇಕು. ಭಾನುವಾರ ಅವ್ನು ಚರ್ಚಿಗೆ ಹೋದಾಗ ನನ್ನ ಹತ್ರ ಇದ್ದ ಹಳೇ ಬೀಗದಕೈ ತಗೊಂಡು ಒಳಗೆ ಹೋದೆ. ಒಳ್ಳೇದು ಬಿಚ್ಚಿದೆ, ನಕಲಿ ಕೂರಿಸ್ದೆ. ಅದಕ್ಕಿದ್ದದ್ದೇ ಒಂದು ಕೇಬಲ್ಲು. ಸಣ್ಣಪುಟ್ಟ ಕೆಲ್ಸಕ್ಕೆ ಏನೂ ಗೊತ್ತಾಗಲ್ಲ. ಭಾರ ಬಿದ್ರೆ ಮಾತ್ರ ಢಬ್ ಅನ್ನತ್ತೆ, ಮಷೀನು ಸಾಯತ್ತೆ. ಮಷೀನು ಸಾಯ್ಲಿ ಅಂತ ಮಾಡ್ದೆ. ಅವ್ನು ಸಾಯ್ಲಿ ಅಂತ ಅಲ್ಲ."

"ಆ ಕೋಣೆ ಗೋಡೆಗೆಲ್ಲಾ ಸದ್ದು ಹೀರೋ ಸ್ಪಂಜು ಅಂಟಿಸಿದ್ರು ಜೋಜೊ. ಕಂಪ್ಯೂಟರು ಇದ್ದದ್ದು ಅದಕ್ಕೆ ಒರಗಿಕೊಂಡೇ."

"ಅದು ಹೊಳೆದದ್ದು ಮಂಗಳವಾರ ಸಂಜೆ." ಅವನು ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. "ಅಂಗಡೀಲಿ ಕೂತು ಯಾರಿಗೋ ಇದೇ ಪಾಠ ಹೇಳ್ತಿದ್ದೆ. ಸಪ್ಲೈ ಸುತ್ತ ಗಾಳಿ ಆಡ್ಬೇಕು, ಹತ್ತಿಕೊಳ್ಳೋ ವಸ್ತು ಇರ್ಬಾರ್ದು ಅಂತ. ಬಾಯಿಂದ ಮಾತು ಬರ್ತಾ ಬರ್ತಾ ಎಬೊನ ಗೋಡೆ ಕಣ್ಣಿಗೆ ಬಂತು. ಅಂಗಡಿ ಹಾಗೇ ಬಿಟ್ಟು ಓಡ್ದೆ."

ಸೆಡಿನಮ್ ಅವನನ್ನೇ ದಿಟ್ಟಿಸಿದಳು. ಈ ಮಾತು ಅವಳ ಲೆಕ್ಕದಲ್ಲಿರಲಿಲ್ಲ. ಅವಳು ಕೊಲೆಗಾರನನ್ನು ಹಿಡಿಯಲು ಬಂದಿದ್ದಳು. ಎದುರಿಗಿದ್ದವನು ತಪ್ಪಿಸಿಕೊಳ್ಳಲು ಓಡಿದವನೋ, ಉಳಿಸಲು ಓಡಿದವನೋ?

ಆಗ ಅವಳ ಫೋನು ಗುನುಗಿತು. ಶವಾಗಾರದ ಡಾಕ್ಟರ್ ಕೊರ್ಕೊರ್. ಎಬೊನ ದೇಹದ ಸರದಿ ಇವತ್ತಷ್ಟೇ ಬಂದಿತ್ತು.

"ಸೆಡಿನಮ್, ಕೂತಿದೀಯಾ?" ಡಾಕ್ಟರಮ್ಮನ ದನಿ ಸಣ್ಣಗಿತ್ತು. "ಶ್ವಾಸನಾಳ ಶುಭ್ರವಾಗಿದೆ. ಒಂದು ಚೂರು ಮಸಿ ಇಲ್ಲ."

"ಅಂದ್ರೆ?"

"ಹೊಗೆ ಕುಡಿದೇ ಇಲ್ಲ ಅವ್ನು. ಬೆಂಕಿ ಹತ್ತಿದಾಗ ಉಸಿರಾಡ್ತಾ ಇರ್ಲಿಲ್ಲ. ತಲೆ ಹಿಂದೆ ಮೂಳೆ ಒಡೆದಿದೆ, ಅದು ಬೆಂಕಿ ಬಿಸಿಗೆ ಒಡೆದದ್ದಲ್ಲ. ಮಧ್ಯಾಹ್ನ ತಿಂದ ಅಂದ್ಯಲ್ಲ, ಆ ಕೆಂಕೆ ಮುದ್ದೆ, ಮೀನು ಹೊಟ್ಟೇಲಿ ಇನ್ನೂ ಕರಗಿರ್ಲಿಲ್ಲ. ಊಟ ಆದ ಸ್ವಲ್ಪ ಹೊತ್ತಿಗೇ ಹೋಗಿದಾನೆ. ಬೆಂಕಿ ಬಿದ್ದದ್ದು ಕತ್ಲಾದ್ಮೇಲೆ ತಾನೆ?"

"ಹೌದು," ಅಂದಳು ಸೆಡಿನಮ್. "ಕತ್ಲಾದ್ಮೇಲೆ."

ಸೆಡಿನಮ್ ಫೋನನ್ನು ಕೆಳಗಿಟ್ಟಳು. ಕೆಟಾ ಊರಿನ ಕಡಲದಂಡೆಯಲ್ಲಿ ಬೆಳೆದವಳು ಅವಳು. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳು ಜಾರುತ್ತದಲ್ಲ, ಹಾಗಾಯಿತು. ಬೆಳಗಿನಿಂದ ಗಟ್ಟಿಯಾಗಿ ಊರಿ ನಿಂತಿದ್ದ ಜಾಗವೇ ಕೆಳಗಿಂದ ಸರಿದುಹೋಯಿತು.

"ಜೋಜೊ. ಮಂಗಳವಾರ ಸಂಜೆ ಓಡಿದ್ರಲ್ಲ. ಎಲ್ಲೀವರ್ಗೆ ಹೋದ್ರಿ?"

"ಸ್ಟುಡಿಯೊ ಬಾಗಿಲವರ್ಗೆ."

"ಬೀಗದಕೈ ಇತ್ತಲ್ಲ, ಒಳಗೆ ಯಾಕೆ ಹೋಗ್ಲಿಲ್ಲ?"

"ಒಳಗಿಂದ ಚಿಲ್ಕ ಹಾಕಿತ್ತು. ಬಾಗಿಲ ಸಂದಿಯಿಂದ ಬೆಳಕು ಬರ್ತಿತ್ತು. ಬಡಿದೆ. ತೆಗೀಲಿಲ್ಲ. ನನ್ನ ಮೇಲೆ ಕೋಪ ಇತ್ತಲ್ಲ, ಮುಖ ನೋಡೋಕೆ ಇಷ್ಟ ಇಲ್ಲ ಅಂದ್ಕೊಂಡೆ. ಅದಕ್ಕೆ ಹೊರಗಿಂದಾನೇ ಹೇಳ್ದೆ."

"ಏನು ಹೇಳಿದ್ರಿ? ಹೇಳಿದ ಹಾಗೇ ಹೇಳಿ."

ಅವನು ಕಣ್ಣು ಮುಚ್ಚಿದ. "ಎಬೊ, ಮಷೀನಿಗೆ ಕೊನೇ ಕೆಲ್ಸ ಹಚ್ಚಬೇಡ ಕಣೋ. ಒಳಗಿರೋದು ನಕಲಿ ಸಪ್ಲೈ, ನಾನೇ ಹಾಕಿದ್ದು. ಭಾರ ಬಿದ್ರೆ ಉರ್ಕೊಳ್ಳತ್ತೆ. ಗೋಡೆ ಸ್ಪಂಜಿಗೆ ಕಿಡಿ ಹಾರಿದ್ರೆ ಇಡೀ ಕೋಣೆ ಹೋಗತ್ತೆ. ಗುಂಡಿ ಮುಟ್ಟಬೇಡ. ಬೆಳಿಗ್ಗೆ ಬಂದು ನಾನೇ ಸರಿ ಮಾಡ್ಕೊಡ್ತೀನಿ. ಹೀಗಂದೆ. ಅಳ್ತಾ ಅಂದೆ ಮೇಡಂ."

"ಅದಕ್ಕೆ?"

"ಕೇಳಿಸ್ತು, ಹೋಗು ಅಂದ."

ಸೆಡಿನಮ್ ಅವನತ್ತ ಬಾಗಿದಳು.

"ಅಂದವನು ಯಾರು?"

"ಎಬೊನೇ. ಇನ್ಯಾರು? ಅದಕ್ಕೇ ನನಗೆ ಇಷ್ಟು ದಿನದಿಂದ ತಲೆ ಕೆಟ್ಟುಹೋಗಿರೋದು. ಹೇಳಿದ್ರೂ ಯಾಕೆ ಹಚ್ಚಿದ? ನನ್ನ ಮೇಲಿನ ಹಟಕ್ಕಾ? ಹೇಳಿದ್ರೂ..."

"ಎಬೊ ಮಧ್ಯಾಹ್ನವೇ ಸತ್ತಿದ್ದ ಜೋಜೊ."

ಅವನು ಅವಳ ಬಾಯಿಯನ್ನೇ ನೋಡಿದ. ಮಾತು ಕಿವಿಗೆ ಬಿದ್ದಿತ್ತು, ಒಳಗಿಳಿದಿರಲಿಲ್ಲ.

"ತಲೆಗೆ ಯಾರೋ ಹೊಡೆದಿದಾರೆ. ನೀವು ಬಾಗಿಲು ಬಡಿಯೋ ಹೊತ್ತಿಗೆ ಅವನು ನೆಲದ ಮೇಲಿದ್ದ. ಒಳಗಿಂದ ಮಾತಾಡಿದವನು ಬೇರೆ. ಆ ದನಿ ನೆನಪು ಮಾಡ್ಕೊಳ್ಳಿ. ಹೇಗಿತ್ತು?"

ಜೋಜೊನ ತುಟಿಗಳು ಆ ಎರಡು ಶಬ್ದಗಳನ್ನು ತಿರುಗಿ ತಿರುಗಿ ಆಡುತ್ತಿದ್ದವು. ಆಮೇಲೆ ಅವನ ಮುಖದ ಬಣ್ಣ ಇಳಿಯತೊಡಗಿತು.

"ಗಾ ಭಾಷೇಲಿ ಅಂದಿದ್ದ, ಈ ಅಕ್ರಾದೋರ ಭಾಷೇಲಿ," ಅವನು ಪಿಸುಗುಟ್ಟಿದ. "ನಾವಿಬ್ರೂ ಹುಟ್ಟಿದಾಗಿಂದ ನಮ್ಮೂರ ಫಾಂಟೀಲೇ ಮಾತಾಡೋರು. ಜಗಳವೂ ಫಾಂಟೀಲೇ. ಅವ್ನು ಗಾ ಮಾತಾಡಿದ್ದು ಕೇಳಿ, ನನ್ನನ್ನ ಹೊರಗಿನವನ ಹಾಗೆ ಮಾಡ್ದ ಅಂತ ಹೊಟ್ಟೆ ಉರೀತು. ಸಿಟ್ಟಿಗೆ ಹಾಗೆ ಅಂದ ಅಂತಾನೇ ತಿಳ್ಕೊಂಡೆ."

ಸೆಡಿನಮ್‌ಗೆ ಈಗ ಆ ಬಾಗಿಲಿನ ಎರಡೂ ಬದಿ ಕಾಣುತ್ತಿತ್ತು. ಹೊರಗೆ ಅಳುತ್ತಾ ನಿಂತವನೊಬ್ಬ. ಒಳಗೆ ಹೆಣದ ಪಕ್ಕದಲ್ಲಿ, ಇನ್ನು ಏನು ಮಾಡಲಿ ಎಂದು ತೋಚದೆ ಕೂತವನೊಬ್ಬ. ಅವನಿಗೆ ಬೆಂಕಿಪೆಟ್ಟಿಗೆ ಬೇಕಾಗಿರಲಿಲ್ಲ, ಸೀಮೆಎಣ್ಣೆ ಬೇಕಾಗಿರಲಿಲ್ಲ. ಯಾವ ಗುಂಡಿ ಒತ್ತಿದರೆ ಕೋಣೆ ಹೋಗುತ್ತದೆ, ತಪ್ಪು ಯಾರ ತಲೆಗೆ ಬರುತ್ತದೆ, ಎಲ್ಲವನ್ನೂ ಬಾಗಿಲಾಚೆಯಿಂದ ಒಬ್ಬನು ಬಿಡಿಸಿ ಹೇಳಿದ್ದ.

ಅದೇ ಕ್ಷಣಕ್ಕೆ ಜೋಜೊಗೂ ಅದು ಕಂಡಿತು. ಅವನ ಗಂಟಲಿನಿಂದ ಹೊರಟದ್ದು ಅಳುವಲ್ಲ, ಮಾತೂ ಅಲ್ಲ. ಸ್ಟೂಲಿನಿಂದ ಜಾರಿ ಕೌಂಟರಿನ ಹಿಂದೆ ನೆಲಕ್ಕೆ ಕೂತುಬಿಟ್ಟ.

"ನಾನೇ ಹೇಳ್ಕೊಟ್ಟೆ," ಅಂದ. "ಮೇಡಂ, ನಾನೇ ಹೇಳ್ಕೊಟ್ಟೆ."

ಸೆಡಿನಮ್ ಕೌಂಟರನ್ನು ಬಳಸಿ ಹೋಗಿ ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. ಹೆಗಲ ಮೇಲೆ ಕೈಯಿಟ್ಟಳು. ಬಂಧಿಸಬೇಕಾದವನ ಹೆಗಲು; ಆದರೂ ಕೈ ಅಲ್ಲೇ ನಿಂತಿತು.

"ಕೇಳಿ ಜೋಜೊ. ಇದನ್ನ ಇನ್ಯಾರಿಗಾದ್ರೂ ಹೇಳಿದೀರಾ?"

"ಇಲ್ಲ."

"ಅವತ್ತಿಂದ ಯಾರಾದ್ರೂ ಬಂದಿದ್ರಾ? ಕೇಳಿದ್ರಾ?"

"ಯಾರೂ ಇಲ್ಲ. ಆದ್ರೆ..." ಅವನು ಹಿಂಜರಿದ. "ಫೋನು. ದಿನಾ ಬರತ್ತೆ. ಎತ್ತೋಕೆ ಧೈರ್ಯ ಆಗಿಲ್ಲ ಮೇಡಂ. ನನಗೆ ಹುಚ್ಚು ಹಿಡಿದಿದೆ ಅಂದ್ಕೊಂಡಿದ್ದೆ. ಯಾರಿಗೆ ಹೇಳ್ಲಿ? ಸತ್ತೋನು ಫೋನ್ ಮಾಡ್ತಾನೆ ಅಂತ ಹೇಳ್ಲಾ?"

"ಏನಂದ್ರಿ?"

ಅವನು ಉತ್ತರ ಕೊಡಬೇಕಾಗಲಿಲ್ಲ. ಕೌಂಟರಿನ ಮೇಲೆ, ಹೊಸ ಪೆಟ್ಟಿಗೆಗೂ ಸುಟ್ಟ ಪೆಟ್ಟಿಗೆಗೂ ನಡುವೆ, ಜೋಜೊನ ಫೋನು ಗಾಜನ್ನು ನಡುಗಿಸುತ್ತಾ ಮೊರೆಯತೊಡಗಿತು.

ಸೆಡಿನಮ್ ಎದ್ದು ನೋಡಿದಳು. ಪರದೆಯ ಮೇಲೆ ಇಬ್ಬರು ಹುಡುಗರು ಕಡಲದಂಡೆಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಗುತ್ತಿದ್ದ ಹಳೆಯ ಫೋಟೊ. ಕೆಳಗೆ ಹೆಸರು: ಎಬೊ.

ಸುಟ್ಟ ಕೋಣೆಯ ಬೂದಿಯಲ್ಲಿ ಎಬೊನ ಫೋನು ಸಿಕ್ಕಿರಲಿಲ್ಲ. ಕರಗಿ ಹೋಗಿರಬೇಕೆಂದು ಎಲ್ಲರೂ ಬಗೆದಿದ್ದರು. ಅವಳೂ.

ಅವಳು ಫೋನನ್ನು ಎತ್ತಿ ಅವನ ಕೈಗೆ ಕೊಟ್ಟು, ತುಟಿಯ ಮೇಲೆ ಬೆರಳಿಟ್ಟು, ಮಾತಾಡು ಎಂದು ಸನ್ನೆ ಮಾಡಿದಳು. ಜೋಜೊನ ಹೆಬ್ಬೆರಳು ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಹಸಿರು ಗುಂಡಿ ಸಿಕ್ಕಿತು. ಸ್ಪೀಕರನ್ನು ಅವಳೇ ಒತ್ತಿದಳು.

ಮೊದಲು ಜನರೇಟರಿನ ಸದ್ದು. ಆಮೇಲೆ ಸೊಬೊಲೊ ಪಾನಕ ಮಾರುವವಳು ಕೂಗುವ ದನಿ. ಫೋನಿನೊಳಗಿಂದ ಒಮ್ಮೆ, ಶಟರಿನ ಆಚೆಯಿಂದ ಇನ್ನೊಮ್ಮೆ, ಒಂದೇ ಕೂಗು ಎರಡು ಸಲ ಕೇಳಿಸಿತು.

ಅದರ ಮೇಲೆ ಒಂದು ಗಂಡು ದನಿ, ಗಾ ಭಾಷೆಯಲ್ಲಿ, ಅವಸರವಿಲ್ಲದೆ, ಹಳೆಯ ಪರಿಚಯದವನಂತೆ ಕೇಳಿತು:

"ಏನಪ್ಪಾ ಜೋಜೊ, ಒಳಗಿರೋ ಆ ಹೆಂಗಸು ಇನ್ನೂ ಎಷ್ಟೊತ್ತು ಕೂತಿರ್ತಾಳೆ?"

ಸೆಡಿನಮ್ ಸದ್ದಾಗದಂತೆ ಬಗ್ಗಿ, ಅರ್ಧ ಎಳೆದ ಶಟರಿನ ಕೆಳಗಿಂದ ಹೊರಗೆ ನೋಡಿದಳು. ಕೆಂಪು ಧೂಳಿನ ಬೆಳಕಿನಲ್ಲಿ ಗಲ್ಲಿಯ ತುಂಬಾ ಜನ. ಅವರಲ್ಲಿ ಅರ್ಧಕ್ಕರ್ಧ ಮಂದಿಯ ಕಿವಿಯಲ್ಲಿ ಫೋನಿತ್ತು.